ಹೂಂ ಎನ್ನುವವಳು

ಊರಿನಲ್ಲಿ ಮೊದಲ ಹಾಯಿಹಡಗು ಕಟ್ಟಿದವನ ಮಗಳು ಎಂಬ ಬಿರುದು ಹೊತ್ತು ಹೊತ್ತು ಯಜಮಾನಿಗೆ ಸಾಕುಸಾಕಾಗಿತ್ತು. ಅಪ್ಪ ಸತ್ತು ಎಷ್ಟೋ ವರ್ಷವಾದರೂ ಹಡಗು ಕಟ್ಟುವ ಅಂಗಳದಲ್ಲಿ ಅವನದೇ ಕಾರುಬಾರು. ಹಡಗು ನೀರಿಗಿಳಿಯುವ ಮುನ್ನ ಅವನು ಪ್ರತಿ ಹಲಗೆಯನ್ನೂ ಮರದ ಕೊಡತಿಯಿಂದ ತಟ್ಟಿ ನೋಡುತ್ತಿದ್ದ. ಗಟ್ಟಿ ಮರ ಟಣ್ ಎನ್ನುತ್ತದೆ, ಒಳಗೆ ಕೊಳೆತದ್ದು ದಬ್ ಎನ್ನುತ್ತದೆ. ಅವನು ಹೂಂ ಎನ್ನದೆ ಯಾವ ಹಡಗೂ ಹೊರಡುವಂತಿರಲಿಲ್ಲ. ಈಗ ಹೂಂ ಎನ್ನಬೇಕಾದವಳು ಇವಳು.

ತೊಂದರೆಯೆಂದರೆ, ಇವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ನೀರು ಒಳಗೆ ಬರದಂತೆ ಹಲಗೆಗಳ ಸಂದಿಗೆ ಹತ್ತಿ ತುರುಕಿ ಜೀವಮಾನವಿಡೀ ಬಡಿದರೆ ಕಿವಿ ಉಳಿಯುವುದಾದರೂ ಹೇಗೆ? ಎದುರಿಗೆ ನಿಂತು ಜೋರಾಗಿ ಮಾತಾಡಿದರೆ ತುಟಿ ನೋಡಿ ಹೇಗೋ ಸಂಭಾಳಿಸುತ್ತಿದ್ದಳು. ಮರಕ್ಕೆ ತುಟಿಯಿಲ್ಲವಲ್ಲ. ಹೋದ ವರ್ಷದಿಂದ ಬರೀ ಅಂದಾಜಿನ ಮೇಲೆ ಹೂಂ ಎನ್ನುತ್ತಿದ್ದಳು. ಅದೃಷ್ಟ ಚೆನ್ನಾಗಿತ್ತು, ಏನೂ ಆಗಿರಲಿಲ್ಲ. ಆದರೆ ಈಗ ದುರಸ್ತಿಯಾಗಿ ನಿಂತಿದ್ದ ಹಡಗನ್ನು ನಾಳೆ ನಡೆಸಿಕೊಂಡು ಹೋಗುವವನು ಅವಳ ಮಗ.

ಪಕ್ಕದಲ್ಲಿ ಸೊಸೆ ನಿಂತಿದ್ದಳು. ಅವಳೂ ಅಂಗಳದ ಬಡಗಿಯೇ, ಕೈ ಪಳಗಿದವಳು. ಯಜಮಾನಿ ಒಂದು ಹಲಗೆ ತಟ್ಟಿ ಸೊಸೆಯ ಮುಖ ನೋಡಿದಳು. ಇನ್ನೊಂದು ತಟ್ಟಿದಳು, ಮತ್ತೆ ನೋಡಿದಳು. ಹೀಗೇ ಹಡಗಿನ ಅರ್ಧ ಮಗ್ಗುಲು ಮುಗಿಯಿತು. ಸೊಸೆಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಏನನ್ನಿಸ್ತು?"

"ನೀವೇ ಹೇಳಿ ಅತ್ತೆ. ನನ್ನ ಪರೀಕ್ಷೆ ಮಾಡ್ತಿದ್ದೀರ ಅಂತ ಗೊತ್ತು. ಅದಕ್ಕೇ ಮುಖದಲ್ಲಿ ಏನೂ ತೋರಿಸ್ದೆ ನಿಂತಿದ್ದೀನಿ."

ಯಜಮಾನಿಯ ಕೈ ಅಲ್ಲೇ ನಿಂತಿತು. ಕೊನೆಯ ವರ್ಷಗಳಲ್ಲಿ ಅಪ್ಪನೂ ಹೀಗೆಯೇ ತಟ್ಟಿ ತಟ್ಟಿ ಇವಳ ಮುಖ ನೋಡುತ್ತಿದ್ದ. ಪರೀಕ್ಷೆಯೆಂದು ಹೆದರಿ ತಾನೂ ಹೀಗೆಯೇ ತುಟಿ ಬಿಗಿಹಿಡಿದು ನಿಲ್ಲುತ್ತಿದ್ದಳು. ಅವನು ಒಂದು ಗಳಿಗೆ ಕಾದು, ಹೂಂ ಎಂದು ಮುಂದೆ ಹೋಗುತ್ತಿದ್ದ. ಆ ಹೂಂ ನಂಬಿ ಹೋದ ಹಡಗೊಂದು ಹಿಂದಿರುಗಿ ಬರಲೇ ಇಲ್ಲ. ಊರೆಲ್ಲ ಬಿರುಗಾಳಿಗೆ ಶಾಪ ಹಾಕಿತ್ತು.

ಅಪ್ಪನ ಮೇಲೆ ಸಿಟ್ಟು ಬಂತು, ಪಾಪ ಅಂತಲೂ ಅನ್ನಿಸಿತು. ಅವಳು ಹಡಗಿಗೆ ಒರಗಿ ನಿಂತು ಕೊಡತಿಯನ್ನು ಸೊಸೆಯ ಕಡೆ ಚಾಚಿದಳು.

"ನಂಗೆ ಕೇಳ್ಸಲ್ಲ ಕಣಮ್ಮ. ಹೋದ ವರ್ಷದಿಂದ್ಲೇ ಕೇಳ್ಸಲ್ಲ. ನೀನು ತಟ್ಟು, ನೀನೇ ಹೇಳು."

ಕೊಡತಿ ತೆಗೆದುಕೊಂಡ ಸೊಸೆ ಮುಂದಿನ ಹಲಗೆಗೆ ಹೋಗಲಿಲ್ಲ. ಅತ್ತೆ ಆಗಲೇ ತಟ್ಟಿ ದಾಟಿ ಬಂದಿದ್ದ ಹಲಗೆಯೊಂದರ ಹತ್ತಿರ ಹಿಂದಕ್ಕೆ ನಡೆದು, ಅದರ ಮೇಲೆ ಕೈಯಿಟ್ಟು, ತುಟಿ ಕಾಣುವಂತೆ ಇವಳ ಕಡೆ ತಿರುಗಿದಳು.

"ಇದು ಕೊಳೆತಿದೆ ಅತ್ತೆ," ಎಂದಳು. "ನಿಮಗೆ ಗೊತ್ತಾಗಿದೆ ಅಂದ್ಕೊಂಡೆ."