ನೆಲ ಬಿಟ್ಟು ಒಂದು ಗೇಣು

"ಸಿಟ್ಟು ಬಂದಾಗೆಲ್ಲ ಎರಡೂ ಕಾಲನ್ನ ನೆಲಕ್ಕೆ ಗಟ್ಟಿಯಾಗಿ ಒತ್ತು ಅಪ್ಪ. ನೆಲ ನನ್ನ ಹಿಡ್ಕೊಂಡಿದೆ ಅಂದ್ಕೋ. ಸಿಟ್ಟು ತಾನಾಗೇ ಇಳಿಯುತ್ತೆ," ಅಂದಳು ಮಗಳು, ಕಾಲೇಜಿಗೆ ಹೊರಡುತ್ತ ಚಪ್ಪಲಿ ಮೆಟ್ಟಿಕೊಂಡು.

ಬೇರೆ ದಿನವಾಗಿದ್ದರೆ, ನನಗೇ ಪಾಠ ಹೇಳ್ತೀಯಾ ಅಂತ ಡ್ರೈವಿಂಗ್ ಮೇಷ್ಟ್ರು ಗದರಿಬಿಡುತ್ತಿದ್ದರು. ಅವತ್ತು ಸುಮ್ಮನೆ ತಲೆಯಾಡಿಸಿದರು. ತೋಳಿಗೆ ಬಿ.ಪಿ. ಅಳೆಯುವ ಪಟ್ಟಿ, ಸೊಂಟಕ್ಕೆ ಅದರ ಡಬ್ಬಿ. ಹಿಂದಿನ ದಿನ ಆಸ್ಪತ್ರೆಯಲ್ಲಿ ಸುತ್ತಿ ಕಳಿಸಿದ್ದರು. ಅರ್ಧ ಗಂಟೆಗೊಮ್ಮೆ ಅದು ಗುರ್ ಅಂತ ಉಬ್ಬಿ, ತೋಳು ಹಿಂಡಿ, ಅಂಕಿ ಬರೆದಿಟ್ಟುಕೊಳ್ಳುತ್ತಿತ್ತು. ಸಂಜೆ ಡಾಕ್ಟರು ಆ ಅಂಕಿಗಳನ್ನು ಒಪ್ಪಿದರೆ, ಕಾರು ಕಲಿಸಲು ಅಡ್ಡಿಯಿಲ್ಲ ಅನ್ನುವ ಸರ್ಟಿಫಿಕೇಟಿಗೆ ಸಹಿ. ಇಲ್ಲದಿದ್ದರೆ ಸೋಮವಾರದಿಂದ ಪಾಠ ಬಂದ್. ಇಪ್ಪತ್ತೆರಡು ವರ್ಷ ಕಾರು ಕಲಿಸಿದ ಮನುಷ್ಯ. ಅವರು 'ಬ್ರೇಕ್' ಅಂತ ಕೂಗಿದರೆ ಎದುರಿನ ಬಸ್ಸೂ ನಿಲ್ಲುತ್ತಿತ್ತು ಅಂತ ಹಳೇ ಶಿಷ್ಯರು ಇವತ್ತಿಗೂ ಹೇಳುತ್ತಾರೆ.

ಮಗಳ ಉಪಾಯ ಕೆಲಸ ಮಾಡಿತು ಕೂಡ. ಪೇಸ್ಟಿನ ಮುಚ್ಚಳ ಯಾರೋ ಹಾಕಿರಲಿಲ್ಲ. ಕಾಲು ಒತ್ತಿದರು, ಸಿಟ್ಟು ಇಳಿಯಿತು. ಇವರ ಕನ್ನಡಕ ಹೆಂಡತಿಯ ಮೂಗಿನ ಮೇಲಿತ್ತು, ಒತ್ತಿದರು, ಇಳಿಯಿತು. ಒಂಬತ್ತೂವರೆಗೆಲ್ಲ ತಾನು ಅರ್ಧ ಸಂತನಾದೆ ಅನ್ನಿಸಿಬಿಟ್ಟಿತು ಅವರಿಗೆ.

ಹತ್ತಕ್ಕೆ ಅತ್ತೆಯ ಪಾಠ. ಹೆಂಡತಿಯ ತಾಯಿ, ಅರವತ್ತಮೂರು ವರ್ಷ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ನಿವೃತ್ತರಾದ ಮೇಲೆ, ಕಾರು ಕಲಿತೇ ಸೈ ಅಂತ ಪಟ್ಟು ಹಿಡಿದವರು. ಮೊದಲ ಮೂರು ಪಾಠಗಳಲ್ಲಿ ಯಾರು ಜಾಸ್ತಿ ಕೂಗಿದರು ಅನ್ನುವುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಇವತ್ತು ಅಳಿಯನ ಬಾಯಲ್ಲಿ ಸಕ್ಕರೆಯಂಥ ಮಾತು ಕೇಳಿ ಅವರಿಗೆ ಗಾಬರಿಯಾಗಿ, ಮೈಗೆ ಹುಷಾರಿಲ್ವಾ ಅಂತ ವಿಚಾರಿಸಿದರು.

ಮೊದಲ ತಿರುವಿನಲ್ಲೇ ಅತ್ತೆ ಇಂಡಿಕೇಟರ್ ಬದಲು ವೈಪರ್ ಹಾಕಿದರು. ಮೇಷ್ಟ್ರ ಸಿಟ್ಟು ನೆತ್ತಿಗೇರುವುದರಲ್ಲಿತ್ತು. ಕಣ್ಣು ಮುಚ್ಚಿ, ಎರಡೂ ಕಾಲು ಗಟ್ಟಿಯಾಗಿ ಒತ್ತಿದರು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು.

ಯಾಕೆ ನಿಲ್ಲಿಸಿದ್ರಿ ಅಂತ ಇವರು, ನಾನೆಲ್ಲಿ ನಿಲ್ಲಿಸ್ದೆ ಅಂತ ಅವರು. ಹಿಂದೆ ಹಾಸಿಗೆ ಹೇರಿಕೊಂಡು ಬರುತ್ತಿದ್ದ ಲಾರಿ ಹಾರ್ನ್ ಹೊಡೆಯಿತು. ಆ ಹಾರ್ನಿಗೆ ಇನ್ನೊಂದಿಷ್ಟು ಸಿಟ್ಟು, ಇನ್ನೊಂದಿಷ್ಟು ಒತ್ತಿದರು. ಅತ್ತೆ ಆಕ್ಸಿಲರೇಟರ್ ತುಳಿದರೆ ಇಂಜಿನ್ ಊರಿಗೆಲ್ಲ ಕೇಳುವಂತೆ ಅರಚಿತೇ ಹೊರತು ಚಕ್ರ ಕದಲಲಿಲ್ಲ. ಸಿಟ್ಟು ಇಳಿದಾಗ ಹತ್ತು ಮಾರು ಮುಂದೆ, ಏರಿದಾಗ ಗಕ್. ಬೇಕರಿಯಿಂದ ಔಷಧಿ ಅಂಗಡಿವರೆಗೆ ಏಳು ಸಲ ಹೀಗಾಯಿತು. ಅಷ್ಟರಲ್ಲಿ ತೋಳಿನ ಪಟ್ಟಿ ಎರಡು ಸಲ ಹಿಂಡಿ ಬರೆದುಕೊಂಡಿತು.

ಲಾರಿಯವನು ಇಳಿದು ಬಂದು ಕಿಟಕಿಯೊಳಗೆ ಇಣುಕಿದ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತ ಮೇಷ್ಟ್ರನ್ನು ನೋಡಿ ಅವನಿಗೇ ಪಾಪ ಅನ್ನಿಸಿ, ಇವರಿಗೇನಾಗಿದೆ ಅಮ್ಮ ಅಂತ ಕೇಳಿದ.

"ಶಾಂತವಾಗಿದ್ದಾರೆ," ಅಂದರು ಅತ್ತೆ. ಆಗಲೇ ಅವರ ಕಣ್ಣು ಕೆಳಗೆ ಹೋಯಿತು. "ಅಳಿಯಂದಿರೇ, ನಿಮ್ಮ ಕಾಲೆಲ್ಲಿದೆ?"

"ನೆಲದ ಮೇಲೆ."

"ಅದು ನೆಲ ಅಲ್ಲ. ನಿಮ್ಮ ಕಡೆ ಬ್ರೇಕು, ಕ್ಲಚ್ಚು."

ಕಲಿಸುವ ಕಾರಲ್ಲವೇ, ಮೇಷ್ಟ್ರ ಕಾಲ ಬುಡದಲ್ಲೂ ಒಂದೊಂದು ಇರುತ್ತವೆ, ಕಲಿಯುವವರು ತಪ್ಪಿದರೆ ಹಿಡಿದು ನಿಲ್ಲಿಸಲಿಕ್ಕೆ. ಇಪ್ಪತ್ತೆರಡು ವರ್ಷ ಅವುಗಳ ಮೇಲೆಯೇ ಕಾಲಿಟ್ಟು ಕೂತು, ಅವರ ಪಾದಕ್ಕೆ ಅದೇ ನೆಲವಾಗಿಬಿಟ್ಟಿತ್ತು. ಮೇಷ್ಟ್ರು ಬಗ್ಗಿ ನೋಡಿದರು.

"ಕಾಲು ಮೇಲಕ್ಕೆತ್ತಿ ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ," ಅಂದರು ಅತ್ತೆ, ಸ್ಟಾಂಪು ಮುಗಿದಿದೆ ನಾಳೆ ಬನ್ನಿ ಅನ್ನುವ ಅದೇ ಹಳೇ ಕೌಂಟರಿನ ದನಿಯಲ್ಲಿ.

"ಬ್ರೇಕ್ ಯಾರು ಹಾಕ್ತಾರೆ ಅತ್ತೆ?"

"ನನ್ನ ಹತ್ರಾನೂ ಒಂದಿದೆ."

ಬೂಟು ಕಳಚಿ, ಕಾಲು ಮಡಚಿ, ಹ್ಯಾಂಡ್‌ಬ್ರೇಕಿನ ಮೇಲೊಂದು ಕೈಯಿಟ್ಟು ಕೂತರು ಮೇಷ್ಟ್ರು. ವೈಪರ್ ಆಡಿಸಿಕೊಂಡೇ ಅತ್ತೆ ಹೊರಟರು. ಗಾಡಿ ನಯವಾಗಿ ಹೋಯಿತು. ಮಾಡಲು ಏನೂ ಇಲ್ಲದೆ ಮೇಷ್ಟ್ರು ಆಚೆ ನೋಡಿದರು. ಆ ರಸ್ತೆಯ ಎರಡೂ ಬದಿಗೆ ಮರಗಳಿವೆ ಅಂತ ಅವರಿಗೆ ಗೊತ್ತಾದದ್ದೇ ಅವತ್ತು. ಪಟ್ಟಿ ಹಿಂಡಿ ಬಿಟ್ಟದ್ದೂ ತಿಳಿಯಲಿಲ್ಲ. ಮಧ್ಯಾಹ್ನದ ಶಿಷ್ಯರಿಗೆ ಕಾಲು ಇಳಿಬಿಟ್ಟೇ ಕಲಿಸಿದರು ಅನ್ನಿ, ಆದರೆ ಸಿಟ್ಟು ಬಂದಾಗೆಲ್ಲ ಒತ್ತುವ ಬದಲು ಕಾಲ್ಬೆರಳು ಮೇಲೆತ್ತಿದರು.

ಸಂಜೆ ಡಾಕ್ಟರು ತಮ್ಮ ಗಾಲಿಯಿರುವ ಕುರ್ಚಿಯಲ್ಲಿ ಕೂತು ಅಂಕಿಗಳ ಹಾಳೆ ಹಿಡಿದರು. ಹೊರಗೆ ನನ್ನ ಸರದಿ ನಿನ್ನ ಸರದಿ ಅಂತ ಗಲಾಟೆ, ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ನೋಡಿದರೆ ಡಾಕ್ಟರ ಮುಖವೇ ಕೆಂಪಗಿತ್ತು.

"ಹತ್ತು ಗಂಟೆಗೆ ಏಣಿ ಹತ್ತಿದ್ದೀರಿ, ಹನ್ನೊಂದಕ್ಕೆ ಜಾರುಬಂಡೆ ಇಳಿದ ಹಾಗಿದೆ. ಒಟ್ಟಿನಲ್ಲಿ ಪರವಾಗಿಲ್ಲ, ಸಹಿ ಹಾಕ್ತೀನಿ. ಹನ್ನೊಂದಕ್ಕೆ ಏನು ಮಾಡಿದ್ರಿ ಹೇಳಿ, ನನಗೂ ಬೇಕು."

"ಎರಡೂ ಕಾಲು ನೆಲದಿಂದ ಎತ್ತಿಬಿಟ್ಟೆ ಡಾಕ್ಟ್ರೇ, ಅಷ್ಟೇ."

ಡಾಕ್ಟರು ಪೆನ್ನು ಕೈಯಲ್ಲಿ ಹಿಡಿದೇ ಕಣ್ಣು ಮುಚ್ಚಿ, ಎರಡೂ ಕಾಲು ಎತ್ತಿದರು. ಕೋಣೆಯ ನೆಲ ಕೊಂಚ ಇಳಿಜಾರು. ಕುರ್ಚಿ ಮೆಲ್ಲಗೆ ಹಿಂದಕ್ಕೆ ಹೊರಟು, ತೂಕದ ಯಂತ್ರ ದಾಟಿ, ಪರದೆಯೊಳಗೆ ಹೊಕ್ಕಿತು. 'ಬ್ರೇಕ್' ಅನ್ನುವ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡರು. ಎದ್ದು ಹೋಗಿ ಡಾಕ್ಟರನ್ನು ಕುರ್ಚಿ ಸಮೇತ ಮೇಜಿಗೆ ತಳ್ಳಿಕೊಂಡು ಬಂದು, ಗಾಲಿಗೆ ತಮ್ಮ ಬೂಟು ಅಡ್ಡಕೊಟ್ಟು, ಸರ್ಟಿಫಿಕೇಟನ್ನು ಮುಂದೆ ಸರಿಸಿದರು.