ವಿಶ್ವದ ಹಾದಿ, ಕ್ಷಮಿಸಿ, ಆದಿ

೧
ಎಲ್ಲಿಂದ ಶುರು ಮಾಡಲಿ? ವಿಶ್ವ ಹುಟ್ಟಿದ ಕ್ಷಣದಿಂದ ಎಂದರೆ ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಹಿಂದಕ್ಕೆ ಹೋಗಬೇಕು. ಸಂಪಾದಕರು ಅಷ್ಟು ಪುಟ ಕೊಡುವುದಿಲ್ಲ. ಮಳವಳ್ಳಿ ಬಸ್ ಸ್ಟ್ಯಾಂಡಿನಿಂದ ಶುರು ಮಾಡೋಣವೆಂದರೆ ಕಥಾನಾಯಕಿ ಇನ್ನೂ ಮನೆಯನ್ನೇ ಬಿಟ್ಟಿಲ್ಲ. ಬಸ್ ಹತ್ತುವುದೇ ಇಲ್ಲ ಎಂದು ಹಟ ಹಿಡಿದು ಜಗಲಿಯ ಮೇಲೆ ಕೂತಿದ್ದಾಳೆ.

೨
ಅವಳು ಸೌಮ್ಯ. ಭೌತಶಾಸ್ತ್ರದಲ್ಲಿ ಎಂಎಸ್ಸಿ. ಮದ್ದೂರಿನ ಒಂದು ಕಾಲೇಜಿನಲ್ಲಿ (ಹುಡುಕಬೇಡಿ, ನಾನೇ ಕಟ್ಟಿದ್ದು) ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಕಳೆದ ವಾರ ಡೆಮೊ ಕ್ಲಾಸು. ವಿಷಯ: ವಿಶ್ವದ ಆದಿ.

ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹಳ್ಳಿ ಅಳ್ಳಿ, ಹಾದಿ ಆದಿ. ಅದಕ್ಕೇ ಸೌಮ್ಯ ವಾರವಿಡೀ ಕನ್ನಡಿ ಮುಂದೆ ನಿಂತು ಒಂದೊಂದು ಹಕಾರವನ್ನೂ ಹಿಡಿದು ತಂದು ಅದರದರ ಜಾಗದಲ್ಲಿ ಕೂರಿಸಿದ್ದಳು. ಕ್ಲಾಸಿನಲ್ಲಿ ಗಾಬರಿಗೆ ಒಂದು ಹೆಚ್ಚಾಗಿ ಬಿತ್ತು. "ವಿಶ್ವಕ್ಕೆ ಒಂದು ಹಾದಿ ಇದೆ. ಹಾದಿಯಲ್ಲಿ ಏನೂ ಇರಲಿಲ್ಲ" ಎಂದುಬಿಟ್ಟಳು.

"ಬಸ್ಸೂ ಇರ್ಲಿಲ್ವಾ ಮಿಸ್?" ಎಂದಿತು ಹಿಂದಿನ ಬೆಂಚು. ಇಡೀ ಕ್ಲಾಸು ನಕ್ಕಿತು. ಪಾಠ ಅಲ್ಲಿಗೇ ನಿಂತಿತು. ಪ್ರಿನ್ಸಿಪಾಲರು ಒಳ್ಳೆಯವರು, ಸೋಮವಾರ ಇನ್ನೊಂದು ಸಲ ಬನ್ನಿ ಅಂದರು. ಇವತ್ತೇ ಸೋಮವಾರ.

೩ (ಬರೆದು ಹೊಡೆದುಹಾಕಿದ್ದು)
ಸೌಮ್ಯ ಬಸ್ ಹತ್ತಿದಳು. ಅಮೋಘವಾಗಿ ಪಾಠ ಮಾಡಿದಳು. ಚಪ್ಪಾಳೆ.

"ಸುಳ್ಳು ಬರೀಬ್ಯಾಡಿ ಸಾರ್. ನಾನ್ ಓಗಲ್ಲ" ಎಂದಳು ಸೌಮ್ಯ, ಕೂತಲ್ಲಿಂದಲೇ.

"ಒಂದು ಅಕ್ಷರ ತಪ್ಪಿದ್ದಕ್ಕೆ ಇಷ್ಟು ರಂಪವೇ ತಾಯಿ?"

"ಅಕ್ಸರ ಅಲ್ಲ ಸಾರ್. ಬಾಯ್ ತೆಗುದ್ರೆ ಸಾಕು, ಎಲ್ಲಿಯೋಳು ಅಂತ ನಗ್ತಾರೆ. ಕಪ್ಪುಕುಳಿ ಗೊತ್ತಲ್ವಾ? ಒಳಿಕ್ ಓದ ಬೆಳಕೂ ವಾಪಸ್ ಬರಲ್ಲ. ನನ್ ಮಾತೂ ಅಂಗೇ ಆಗದೆ."

ಎಲಾ ಇವಳ. ಹೋಲಿಕೆ ಕೊಡುವುದು ನನ್ನ ಕೆಲಸ, ಅದನ್ನೂ ಕಿತ್ತುಕೊಂಡಳು. ಆದರೂ ಅವಳ ಮುಖ ನೋಡಿ, ಬರೆದಿದ್ದನ್ನು ಹೊಡೆದುಹಾಕಿದೆ.

೫ (ನಾಲ್ಕು ಎಲ್ಲಿ ಎಂದು ಕೇಳಬೇಡಿ, ಕುಳಿಗೆ ಬಿತ್ತು)
ಅವಳ ಅಜ್ಜಿ ಪಟ್ಟಲಮ್ಮ ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡಿದ್ದರು. ಅವರನ್ನು ನಾನು ಕಥೆಗೆ ಕರೆದೇ ಇರಲಿಲ್ಲ.

"ಅದೇನವ್ವ ಅದು, ಆದಿ?"

"ಸುರು ಕಣಜ್ಜಿ. ಎಲ್ಲಾ ಸುರುವಾಗಿದ್ದು."

"ಮತ್ತೆ ನಾವ್ ನಡ್ಯೋ ಆದಿ?"

"ಅದು ಬ್ಯಾರೆ. ಅದು ಹಾದಿ."

"ನಂಗೆ ಎಲ್ಡೂ ಒಂದೇ ಕೇಳ್ತದೆ. ನಡ್ಯಕ್ ಆದಿ ಇಲ್ದೆ ಏನವ್ವ ಸುರುವಾದದು? ಆ ನಿನ್ ಕುಳೀಗ್ ಬಿದ್ದಿದ್ದು ಎತ್ಲಾಗ್ ಓಯ್ತದೆ?"

ಸೌಮ್ಯ ಅಜ್ಜಿಯ ಕಡೆ ತಿರುಗಿ ಕೂತಳು. ಆಮೇಲೆ ನನಗಲ್ಲ, ಅಜ್ಜಿಗೆ ಹೇಳಿದಳು: "ಯಾರ್ಗೂ ಗೊತ್ತಿಲ್ಲ ಕಣಜ್ಜಿ. ಒಂದಷ್ಟ್ ಜನ ಏನಂತಾರೆ ಅಂದ್ರೆ, ಇಲ್ಲಿ ಕುಳಿಗೆ ಬಿದ್ದಿದ್ದು ಅತ್ಲಾಗೆ ಇನ್ನೊಂದು ವಿಸ್ವ ಆಗಿ ಉಟ್ಬೋದು. ನಮ್ದೂ ಅಂಗೇ ಯಾವ್ದೋ ಕುಳಿ ಒಳ್ಗೇ ಉಟ್ಟಿರ್ಬೋದು. ಬರೀ ಊಹೆ ಅಷ್ಟೇ." ಒಂದು ಅವರೆಕಾಯಿ ಬಿಡಿಸಿದಳು. "ಅಂಗಾರೆ ಕುಳೀನೇ ಆದಿ."

"ಯಾವ ಆದಿ? ಹಕಾರ ಇದೆಯೋ ಇಲ್ಲವೋ?" ಎಂದೆ. ಅಚ್ಚಿಗೆ ಹೋಗುವ ಮಾತು, ಕೇಳಲೇಬೇಕಲ್ಲ.

"ಎಲ್ಡೂ ಬರ್ಕಳಿ ಸಾರ್" ಎಂದು ಚಪ್ಪಲಿ ಮೆಟ್ಟಿಕೊಂಡಳು.

೬
ಅಂತ್ಯ ಒಂದು: ಕೆಲಸ ಸಿಗುತ್ತದೆ. ಅಂತ್ಯ ಎರಡು: ಕೆ.ಎಂ. ದೊಡ್ಡಿಯಲ್ಲಿ ಬಸ್ಸು ಕೆಟ್ಟು ನಿಲ್ಲುತ್ತದೆ.

ಇದನ್ನು ಬರೆಯುತ್ತಿದ್ದಂತೆ ಪಟ್ಟಲಮ್ಮ ಅವರೆಕಾಯಿ ಸಿಪ್ಪೆಯನ್ನೆಲ್ಲ ನನ್ನ ಹಾಳೆಯ ಮೇಲೆ ಸುರಿದರು. "ನಿನ್ ಕೈಗೇನ್ ಬಂದದೆ ಕಣಪ್ಪ? ಬಸ್ಸು ಓಗ್ಲಿ ಬುಡು."

ಬಿಟ್ಟೆ. ಬಸ್ಸು ಮದ್ದೂರು ಮುಟ್ಟಿತು.

೭
ಈಗ ಸೌಮ್ಯ ಬೋರ್ಡಿನ ಮೇಲೆ ಎರಡು ಪದ ಬರೆದಿದ್ದಾಳೆ, ಆದಿ ಮತ್ತು ಹಾದಿ, ಒಂದರ ಕೆಳಗೊಂದು.

"ನಮ್ಮನೇಲಿ ಇವೆರಡೂ ಒಂದೇ ಮಾತು. ಅದು ತಪ್ಪೋ ಸರಿಯೋ, ಇವತ್ತು ಲೆಕ್ಕ ಹಾಕಿ ನೋಡಾನ" ಎನ್ನುತ್ತಾಳೆ.

ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿದೆ. ಪ್ರಶ್ನೆಯೋ ತಮಾಷೆಯೋ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ನನ್ನ ಎದೆ ಡವಡವ ಎನ್ನುತ್ತಿದೆ. ಅವಳದ್ದಲ್ಲ.

"ಏಳಪ್ಪ" ಎನ್ನುತ್ತಾಳೆ ಸೌಮ್ಯ, "ಕೇಳು."