ಬಳೆಚೂರಿನ ಎಲೆಗಳು

ಮಸ್ಕಿಯಲ್ಲಿ ಫೋಟೋಗಳಿಗೆ ಗಾಜು ಕೂಡಿಸುವ ಗಾಳೆಪ್ಪನಿಗೆ ೧೯೯೧ರಲ್ಲಿ ತನ್ನ ಓಣಿಯ ಸಮುದಾಯ ಭವನದ ಗೋಡೆಯ ಮೇಲೆ ಗಾಜಿನ ಬುದ್ಧನನ್ನು ಮಾಡುವ ಕೆಲಸ ಬಂತು. ಬುದ್ಧನಿಗೆ ಅಂಗಡಿಯ ಗಾಜೇ ಸಾಕಾಯಿತು. ಹಿಂದಿನ ಅರಳಿಮರದ ಎಲೆಗಳಿಗೆ ಹಸಿರು ಸಾಲಲಿಲ್ಲ. ಒಡೆದ ಬಳೆ ಇದ್ದರೆ ಕೊಡಿರೆಂದು ಮನೆಮನೆಗೆ ಕೇಳಿಕೊಂಡು ಬಂದ.

ಮುತ್ತೈದೆಯರಷ್ಟೇ ಅಲ್ಲ, ಗಂಡ ಸತ್ತ ದಿನ ಒಡೆಸಿಕೊಂಡ ಬಳೆಯ ಚೂರುಗಳನ್ನು ಯಾರಿಗೂ ಹೇಳದೆ ಸೀರೆಯ ತುಂಡಿನಲ್ಲಿ ಕಟ್ಟಿಟ್ಟುಕೊಂಡಿದ್ದವರೂ ತಂದುಕೊಟ್ಟರು. ಅಂಥ ಚೂರು ಮನೆಯಲ್ಲಿದ್ದರೆ ಕೇಡೆಂದು ಗಾಳೆಪ್ಪನೂ ಕೇಳಿ ಬೆಳೆದವನೇ. ಆದರೂ ಏನೂ ಕೇಳದೆ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು, ಒಂದೊಂದನ್ನೇ ಸಿಮೆಂಟಿನಲ್ಲಿ ಒತ್ತಿದ.

ಸುದ್ದಿ ತಿಳಿದು ಓಣಿಯ ಹಿರಿಯ ಕನಕರಾಯ ಗೋಡೆಯ ಮುಂದೆ ಬಂದು ನಿಂತ.

“ಗಂಡ ಸತ್ತವರ ಬಳಿಚೂರು ಗ್ವಾಡಿಮ್ಯಾಲ ಇರಬಾರದು. ತೆಗಿ.”

“ಯಾವು ಅಂತ ತೋರಿಸ್ರಿ, ತೆಗೀತೀನಿ,” ಎಂದ ಗಾಳೆಪ್ಪ.

ಕನಕರಾಯ ಬೆರಳೆತ್ತಿದ. ಎಲೆಗಳೆಲ್ಲ ಬಿಸಿಲಿಗೆ ಒಂದೇ ಸಮನೆ ಹೊಳೆಯುತ್ತಿದ್ದವು. ಬೆರಳು ಕೊಂಬೆಯಿಂದ ಕೊಂಬೆಗೆ ಹೋಗಿ, ಎಲ್ಲೂ ನಿಲ್ಲದೆ ಕೆಳಗಿಳಿಯಿತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ:

“ನಮ್ಮವ್ವನೂ ಕೊಟ್ಟಾಳೇನು?”

“ಎಲ್ಲಾರಕಿಂತ ಮೊದಲು ಆಕೀನ ಕೊಟ್ಟಾಳ್ರಿ. ಮೂವತ್ತು ವರ್ಷ ಇಟ್ಟುಕೊಂಡಿದ್ದಳಂತ.”

ಕನಕರಾಯ ಹೆಗಲ ಮೇಲಿನ ಟವೆಲ್ ತೆಗೆದ. ಕೈಗೆ ನಿಲುಕಿದ ಎಲೆಗಳ ಮೇಲಿನ ಸಿಮೆಂಟಿನ ಧೂಳನ್ನು, ಒಂದನ್ನೂ ಬಿಡದೆ, ಒರೆಸತೊಡಗಿದ.